ನಿಧಾನಗೊಳಿಸಿದ ಹಾಡು, ಬದಲಾದ ಕಂಠ
ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ತರುಣರು ರೀಲ್ಸುಗಳಿಗಾಗಿ ಹಾಡುಗಳನ್ನು ನಿಧಾನಗೊಳಿಸಿ, ಅನುರಣನವನ್ನು ಬೆರೆಸುತ್ತಿರುವುದನ್ನು ನಾವು ಬಲ್ಲೆವು. ಓಟವನ್ನು 100ರಿಂದ 80ಕ್ಕೆ ಇಳಿಸಿದೊಡನೆ, ಶ್ರುತಿಯನ್ನು ಬೇರೆಯಾಗಿ ಕಾಯ್ದುಕೊಳ್ಳದಿದ್ದರೆ, ಸೆಕೆಂಡಿಗೆ 240 ಕಂಪನಗಳ ಷಡ್ಜವು 192ಕ್ಕೆ ಇಳಿಯುತ್ತದೆ. ಹೆಣ್ಣುದನಿ ಗಂಡುದನಿಯತ್ತ ಸರಿಯುತ್ತದೆ. ಅನುರಣನವಾದರೋ ಹಾನಗಲ್ಲಿನ ತಾರಕೇಶ್ವರ ದೇವಾಲಯದಂತಹ ಕಲ್ಲುಕಟ್ಟಡದಲ್ಲಿ ಗೋಡೆಯಿಂದ ಗೋಡೆಗೆ ಹೊರಳಿ ತಡವಾಗಿ ಅಡಗುವ ಧ್ವನಿಯ ಅನುಕರಣೆ. ಪ್ರಯೋಗವೆಂದು ಇದನ್ನು ಮೆಚ್ಚುತ್ತೇವೆ. ನಮ್ಮ ತರಗತಿಯ ಪಾಠಕ್ಕಿಂತ ಇದೇ ಚೆನ್ನಾಗಿ ನೆನಪುಳಿಯುವುದೆಂದೂ ಒಪ್ಪುತ್ತೇವೆ. ಆದರೆ ಎಷ್ಟು ನಿಧಾನಗೊಳಿಸಲಾಗಿದೆಯೆಂಬುದನ್ನು ಗಾಯಕರ ಹೆಸರಿನೊಡನೆ ಬರೆಯಲೇಬೇಕು. 1913ರಲ್ಲಿ ಜನಿಸಿ 2009ರಲ್ಲಿ ತೀರಿಕೊಂಡ ಗಂಗೂಬಾಯಿ ಹಾನಗಲ್ಲರ ಮೊದಲ ಧ್ವನಿಮುದ್ರಿಕೆಗಳಲ್ಲಿ ಕಂಠವು ತೆಳುವಾಗಿದೆ. ಗಂಟಲಿನ ಚಿಕಿತ್ಸೆಯ ಬಳಿಕವೇ ಅದು ಗಂಭೀರವಾದುದು. ಆ ಹಳೆಯ ಮುದ್ರಿಕೆಯನ್ನು ಯಾರಾದರೂ ನಿಧಾನಗೊಳಿಸಿ ಸುಮ್ಮನೆ ಹರಿಯಬಿಟ್ಟರೆ, ಹೊಸ ಕೇಳುಗನು ಅದನ್ನೇ ಅವರ ಅಂದಿನ ಕಂಠವೆಂದು ನಂಬಿಯಾನು.