ಹೆಗಲ ಮೇಲಿನ ಬುತ್ತಿಯ ಲೆಕ್ಕ

ಮಕ್ಕಳೇ, ಶಿವರಾತ್ರಿ ಹತ್ತಿರ ಬಂತೆಂದರೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವವರ ಮನೆಗಳಲ್ಲಿ ಚೀಲ ಕಟ್ಟುವ ಕೆಲಸ ಶುರು. ದಾರಿಯಲ್ಲಿ ಊಟ ಹಾಕುವ ಪುಣ್ಯಾತ್ಮರು ಇರುತ್ತಾರೆ, ನಿಜ. ಆದರೂ ಎರಡು ಊಟದ ನಡುವೆ, ಚಾರ್ಮಾಡಿ ಘಾಟಿ ಇಳಿಯುವಾಗ ಕಾಲು ಸೋತರೆ, ಕೈಗೆ ಸಿಗುವುದು ಸ್ವಂತ ಬುತ್ತಿಯೇ. ಅದಕ್ಕೆ ಏನು ಕೊಳ್ಳಬೇಕು, ಎಷ್ಟು ಕೊಳ್ಳಬೇಕು? ಬ್ಯಾಂಕಿನಲ್ಲಿ ಲೆಕ್ಕ ಬರೆದ ಕೈ ನನ್ನದು. ಇವತ್ತು ಆ ಲೆಕ್ಕ ಮಾಡೋಣ.

ಒಣಗಿದ್ದರ ಗುಣವೇ ಹಗುರ. ನಮ್ಮ ಸೀಮೆಯ ಉಂಡೆ ಕೊಬ್ಬರಿಯನ್ನೇ ನೋಡಿ. ಸುಲಿಯದ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನುತ್ತದೆ. ವಿಜಯಪುರದ ಕಡೆ ಸುಮಾರು ನಾಲ್ಕು ಕಿಲೋ ದ್ರಾಕ್ಷಿ ಒಣಗಿ ಒಂದು ಕಿಲೋ ಒಣದ್ರಾಕ್ಷಿ ಆಗುತ್ತದೆ. ಹೋದದ್ದು ನೀರು, ಉಳಿದದ್ದು ಶಕ್ತಿ.

ಒಬ್ಬರಿಗೆ ದಿನಕ್ಕೆ 100 ಗ್ರಾಂ ಇಟ್ಟುಕೊಳ್ಳೋಣ: ಕೊಬ್ಬರಿ 30, ಹುರಿಗಡಲೆ 30, ಒಣದ್ರಾಕ್ಷಿ 20, ಬೆಲ್ಲ 20. ಇದರಲ್ಲಿ ಸುಮಾರು 440 ಕ್ಯಾಲೊರಿ ಇದೆ. ಅಷ್ಟೇ ಶಕ್ತಿಯನ್ನು ಬಾಳೆಹಣ್ಣಿನಿಂದ ಪಡೆಯಲು ಸುಲಿದ ಹಣ್ಣೇ ಅರ್ಧ ಕಿಲೋ ಬೇಕು. ಆರು ದಿನಕ್ಕೆ ಬಾಳೆಹಣ್ಣಾದರೆ ಮೂರು ಕಿಲೋ ಹೊರೆ, ಈ ಬುತ್ತಿಯಾದರೆ 600 ಗ್ರಾಂ.

ಈಗ ಹತ್ತು ಜನರ ತಂಡ, ಆರು ದಿನ. ಒಟ್ಟು ಆರು ಕಿಲೋ. ಅದರಲ್ಲಿ ಒಣದ್ರಾಕ್ಷಿ 1.2 ಕಿಲೋ ಮಾತ್ರ. ಕಿಲೋಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಯವರು "ಐದು ಕಿಲೋ ತಗೊಳ್ಳಿ ಸ್ವಾಮಿ, 360ಕ್ಕೆ ಹಾಕಿಕೊಡ್ತೀನಿ" ಅನ್ನುತ್ತಾರೆ. ಆಸೆ ಆಗುತ್ತದೆ. ಆದರೆ ತಂಡಕ್ಕೆ ಬೇಕಾದ 1.2 ಕಿಲೋ ಮೇಲೆ ಉಳಿಯುವುದು 48 ರೂಪಾಯಿ. ಮಿಕ್ಕ 3.8 ಕಿಲೋದಲ್ಲಿ ಒಂದು ಕಿಲೋ ಹುಳ ಹಿಡಿದರೂ 360 ರೂಪಾಯಿ ಹೋಯಿತು! ಅಕ್ಕಪಕ್ಕದ ಊರಿನ ಇನ್ನೆರಡು ತಂಡ ಸೇರಿ ಕೊಂಡರೆ ಮಾತ್ರ ಸಗಟು ಲಾಭ: ಮೂರು ತಂಡಕ್ಕೆ 3.6 ಕಿಲೋ ಹೋಗಿ, ಮಿಕ್ಕದ್ದು ಮನೆಮನೆಯ ಪಾಯಸಕ್ಕಾಯಿತು. ಸಗಟು ಎಂದರೆ ಹೆಚ್ಚು ಕೊಳ್ಳುವುದಲ್ಲ, ಹಂಚಿಕೊಂಡು ಕೊಳ್ಳುವುದು.

ಕೊಳ್ಳುವಾಗ ಮೂಗಿಗೂ ಕೆಲಸ ಕೊಡಿ. ಕೊಬ್ಬರಿ ಒಡೆಸಿ ನೋಡಿ. ಒಳಗೆ ಬೂಷ್ಟಿದ್ದರೆ, ಕಮಟು ವಾಸನೆ ಬಂದರೆ ಬೇಡ. ಇಡೀ ಉಂಡೆ ಬಹುಕಾಲ ಇರುತ್ತದೆ, ಹೆಚ್ಚಿದ ಚೂರು ಬೇಗ ಕಮಟಾಗುತ್ತದೆ. ಆದ್ದರಿಂದ ಹೊರಡುವ ಹಿಂದಿನ ದಿನವೇ ಹೆಚ್ಚಿ. ಎಲ್ಲವನ್ನೂ ಮೊದಲೇ ಬೆರೆಸಬೇಡಿ. ಬೆಲ್ಲ ನೀರೊಡೆದು ಹುರಿಗಡಲೆ ಮೆತ್ತಗಾಗುತ್ತದೆ. ಬೇರೆ ಬೇರೆ ಕಟ್ಟಿಕೊಂಡು, ದಿನದ ಪಾಲನ್ನು ಆಯಾ ಬೆಳಿಗ್ಗೆ ಬೆರೆಸಿಕೊಳ್ಳಿ. ಖಾಲಿ ಕವರು ಘಾಟಿಯಲ್ಲಿ ಎಸೆಯದೆ ಚೀಲದಲ್ಲೇ ವಾಪಸ್ ತನ್ನಿ.

ಅಜ್ಜ ಅಜ್ಜಿಯರೇ, ನಿಮಗೊಂದು ಮಾತು. ಹಲ್ಲು ಸಡಿಲವಿದ್ದರೆ ಕೊಬ್ಬರಿ ತುರಿದುಕೊಳ್ಳಿ. ಸಕ್ಕರೆ ಕಾಯಿಲೆಯವರು ಬೆಲ್ಲ, ದ್ರಾಕ್ಷಿಯ ಪ್ರಮಾಣವನ್ನು ಡಾಕ್ಟರನ್ನು ಕೇಳಿ ಇಟ್ಟುಕೊಳ್ಳಿ.

ಮಕ್ಕಳೇ, ನಿಮಗೆ ಮನೆಲೆಕ್ಕ: ಎಂಟು ಜನ, ನಾಲ್ಕು ದಿನ. ಯಾವ್ಯಾವುದು ಎಷ್ಟೆಷ್ಟು ಬೇಕು? ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು, ಅಜ್ಜನ ಜೊತೆ ಅಂಗಡಿಗೆ ಹೋಗಿ. ಚೀಟಿಯಲ್ಲಿ ಇದ್ದಷ್ಟೇ ತನ್ನಿ!