ಯಹೂದಿಗಳನ್ನು ಮಾತ್ರ ಎಣಿಸಿದ ಸೇನೆ

ಹಿಟ್ಲರನ ಹತ್ಯಾಶಿಬಿರಗಳ ಬಗ್ಗೆ ಶಾಲೆಯಲ್ಲೇ ಓದಿರುತ್ತೇವೆ. ಅದಕ್ಕೂ ಕಾಲು ಶತಮಾನ ಮೊದಲು, ಮೊದಲ ಮಹಾಯುದ್ಧದ ನಟ್ಟನಡುವೆ, ಜರ್ಮನಿ ತನ್ನ ಯಹೂದಿ ಸೈನಿಕರಿಗೆ ಮಾಡಿದ ಅವಮಾನದ ಬಗ್ಗೆ ಕೇಳಿದವರು ಕಡಿಮೆ.

1914ರ ಆಗಸ್ಟ್‌ನಲ್ಲಿ ಚಕ್ರವರ್ತಿ ಎರಡನೇ ವಿಲ್ಹೆಲ್ಮ್, ಇನ್ನು ತನಗೆ ಪಕ್ಷಗಳಿಲ್ಲ, ಎಲ್ಲರೂ ಜರ್ಮನ್ನರೇ ಎಂದಿದ್ದ. ಯಹೂದಿಗಳು ಆ ಮಾತನ್ನು ನಂಬಿದರು. ಯಹೂದಿ ಸಂಸತ್ ಸದಸ್ಯ ಲುಡ್ವಿಗ್ ಫ್ರಾಂಕ್ ನಲವತ್ತರ ವಯಸ್ಸಿನಲ್ಲಿ ತಾನಾಗಿ ಸೇನೆ ಸೇರಿ, ಸೆಪ್ಟೆಂಬರ್ 3ರಂದೇ ಫ್ರಾನ್ಸಿನ ನೆಲದಲ್ಲಿ ಗುಂಡಿಗೆ ಬಲಿಯಾದರು.

ಎರಡು ವರ್ಷ ಕಳೆಯುವಷ್ಟರಲ್ಲಿ ವೆರ್ಡನ್, ಸೊಮ್ ಕದನಗಳು ಲಕ್ಷಗಟ್ಟಲೆ ಜನರನ್ನು ನುಂಗಿದ್ದವು. ಊರುಗಳಲ್ಲಿ ಊಟಕ್ಕೆ ತತ್ವಾರ. ಯಹೂದಿಗಳು ರಣರಂಗ ತಪ್ಪಿಸಿಕೊಂಡು ಹಿಂದಿನ ಕಚೇರಿಗಳಲ್ಲಿ ಬೆಚ್ಚಗಿದ್ದಾರೆ ಎಂಬ ದೂರುಗಳು ಯುದ್ಧ ಸಚಿವಾಲಯಕ್ಕೆ ಬರತೊಡಗಿದವು. ಎಷ್ಟೋ ದೂರುಗಳಿಗೆ ಬರೆದವರ ಹೆಸರೂ ಇರಲಿಲ್ಲ. 1916ರ ಅಕ್ಟೋಬರ್ 11ರಂದು ಪ್ರಷ್ಯದ ಯುದ್ಧ ಸಚಿವ ವಿಲ್ಡ್ ಫಾನ್ ಹೋಹೆನ್‌ಬಾರ್ನ್ ಆಜ್ಞೆ ಹೊರಡಿಸಿದ: ಸೇನೆಯಲ್ಲಿರುವ ಯಹೂದಿಗಳ ಲೆಕ್ಕ ತೆಗೆಯಿರಿ. ಮುಂಚೂಣಿಯಲ್ಲಿ ಎಷ್ಟು ಮಂದಿ, ಹಿಂದೆ ಎಷ್ಟು ಮಂದಿ, ಸತ್ತವರೆಷ್ಟು, ಪದಕ ಪಡೆದವರೆಷ್ಟು? ನವೆಂಬರ್ 1ಕ್ಕೆ ಎಣಿಕೆ. ಕಂದಕದಲ್ಲಿ ಪಕ್ಕದಲ್ಲೇ ನಿಂತಿದ್ದ ಕ್ರೈಸ್ತ ಸೈನಿಕನನ್ನು ಯಾರೂ ಏನೂ ಕೇಳಲಿಲ್ಲ. ಯೂಲಿಯುಸ್ ಮಾರ್ಕ್ಸ್ ಎಂಬ ಯಹೂದಿ ಸೈನಿಕ ತನ್ನನ್ನು ಮೇಲಧಿಕಾರಿ ಕರೆಸಿ ವಿವರ ಕೇಳಿದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಜೀವ ಒತ್ತೆಯಿಟ್ಟು ಕಾದುತ್ತಿದ್ದವನಿಗೆ ಆ ಪ್ರಶ್ನೆ ಗುಂಡಿನಷ್ಟೇ ನೇರವಾಗಿ ತಾಗಿತು.

ಎಣಿಕೆಯ ಫಲಿತಾಂಶವನ್ನು ಯುದ್ಧ ಮುಗಿಯುವವರೆಗೂ ಸರ್ಕಾರ ಪ್ರಕಟಿಸಲಿಲ್ಲ. ಯಹೂದಿಗಳ ಮನಸ್ಸು ನೋಯಬಾರದೆಂದು ಮುಚ್ಚಿಟ್ಟಿದ್ದೇವೆ ಎಂಬ ಸಬೂಬು ಬೇರೆ. ನನ್ನ ಮಟ್ಟಿಗೆ ಎಣಿಕೆಗಿಂತ ದೊಡ್ಡ ಅಪರಾಧ ಈ ಮೌನವೇ. ಮುಚ್ಚಿಟ್ಟಿದ್ದಾರೆಂದರೆ ಏನೋ ಹುಳುಕಿದೆ ಎಂದು ಊರೆಲ್ಲ ಊಹಿಸಿತು. ಸುಮಾರು ಒಂದು ಲಕ್ಷ ಯಹೂದಿಗಳು ಸೇನೆಯಲ್ಲಿದ್ದರು, ಹನ್ನೆರಡು ಸಾವಿರದಷ್ಟು ಮಂದಿ ಸತ್ತರು. ಈ ಸತ್ಯವನ್ನು ಸಾರಲು ಯಹೂದಿ ಮಾಜಿ ಸೈನಿಕರು 1919ರಲ್ಲಿ ತಮ್ಮದೇ ಸಂಘ ಕಟ್ಟಬೇಕಾಯಿತು. ಅಷ್ಟರಲ್ಲಿ ಸೋಲಿನ ಹೊಣೆಯನ್ನು ಯಹೂದಿಗಳ ತಲೆಗೆ ಕಟ್ಟುವ ಕಥೆ ಬೇರುಬಿಟ್ಟಿತ್ತು. 1933ರಲ್ಲಿ ನಾಜಿಗಳು ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆದಾಗ ರಣರಂಗದಲ್ಲಿ ಹೋರಾಡಿದವರಿಗೆ ವಿನಾಯಿತಿ ಸಿಕ್ಕಿತ್ತು. 1935ರಲ್ಲಿ ಅದೂ ರದ್ದಾಯಿತು.

ಯಹೂದಿಗಳನ್ನೇ ಗುರಿ ಮಾಡುವ ಚಾಳಿ ಅಲ್ಲಿಗೆ ನಿಲ್ಲಲಿಲ್ಲ. ಗಾಜಾ ಯುದ್ಧದ ನಡುವೆ, 2023ರ ಅಕ್ಟೋಬರ್ 18ರ ನಸುಕಿನಲ್ಲಿ, ಬರ್ಲಿನ್ನಿನ ಒಂದು ಯಹೂದಿ ಪ್ರಾರ್ಥನಾ ಮಂದಿರದ ಕಡೆಗೆ ಪೆಟ್ರೋಲ್ ಬಾಂಬ್ ಎಸೆದರು. ಆ ಯುದ್ಧದಲ್ಲಿ ಗಾಜಾದ ಮಕ್ಕಳು ಸತ್ತದ್ದನ್ನು ಕಂಡು ನನಗೂ ಸಿಟ್ಟು ಬಂದಿದೆ. ಇಸ್ರೇಲ್ ಸರ್ಕಾರವನ್ನು ಖಂಡಿಸಲು ನಾನು ಹಿಂಜರಿಯುವುದಿಲ್ಲ. ಆದರೆ ಆ ಸರ್ಕಾರದ ಕೃತ್ಯಕ್ಕೆ ಬರ್ಲಿನ್ನಿನ ಯಹೂದಿ ಯಾಕೆ ಲೆಕ್ಕ ಒಪ್ಪಿಸಬೇಕು? ನೀನು ಯಾರ ಕಡೆ ಎಂದು ಅವರೊಬ್ಬರನ್ನೇ ನಿಲ್ಲಿಸಿ ಕೇಳುವವರು, ಅದು ಯಾವ ಪಕ್ಷದವರೇ ಇರಲಿ, 1916ರ ಆ ಎಣಿಕೆಯ ನಮೂನೆಯನ್ನೇ ಮತ್ತೆ ಮುಂದೆ ಹಿಡಿಯುತ್ತಿದ್ದಾರೆ.