ಮೆಷಿನ್ ಕೊಡ್ತೀವಿ, ಪೆಟ್ರೋಲ್ ಕೊಡ್ತೀವಿ, ಕಿವಿಗೆ ಏನು ಕೊಡ್ತೀವಿ?

ಮಳೆ ಹಿಂದಾಯ್ತು. ಅಡಿಕೆ ಕೊಯ್ಲು ಶುರುವಾಗೋದರೊಳಗೆ ತೋಟ ಸವರಿ ಮುಗಿಸಬೇಕು ಅಂತ ಎಲ್ಲರಿಗೂ ಅವಸರ. ಬೆಳಗ್ಗೆ ಎಂಟಕ್ಕೆಲ್ಲ ನಾಲ್ಕೂ ದಿಕ್ಕಿಂದ ಕಳೆ ಮೆಷಿನ್ ಸದ್ದು. ಇವತ್ತು ಆ ಸದ್ದಿನ ಬಗ್ಗೆಯೇ ಬರೀತಿದ್ದೇನೆ. ಬೈಕೊಂಡ್ರೂ ಪರವಾಗಿಲ್ಲ, ಪೂರ್ತಿ ಓದಿ.

ನಿನ್ನೆ ನಮ್ಮಲ್ಲಿ ಮೆಷಿನ್ ಹೊಡೆಯೋಕೆ ಬಂದ ಹುಡುಗನಿಗೆ ಇಪ್ಪತ್ತಾರು ವರ್ಷ. ಊಟಕ್ಕೆ ಎರಡು ಸಲ ಕರೆದೆ, ತಿರುಗಲಿಲ್ಲ. ಮೂರನೇ ಸಲ ಭುಜ ಮುಟ್ಟಿದೆ. "ಕಿವೀಲಿ ಗುಂಯ್ ಅಂತಿದೆ ಅಣ್ಣ, ಬೆಳಗಾಗೋ ಹೊತ್ತಿಗೆ ಸರಿ ಹೋಗ್ತದೆ" ಅಂದ. ನಾನೂ ಹದಿನೈದು ವರ್ಷ ಹಾಗೇ ಅಂದುಕೊಂಡಿದ್ದೆ. ಈಗ ಆ ಗುಂಯ್ ರಾತ್ರಿಯೂ ನಿಲ್ಲಲ್ಲ. ಮೊಮ್ಮಗಳು ಮಾತಾಡಿದ್ರೆ ದನಿ ಕೇಳ್ತದೆ, ಏನಂದಳು ಅಂತ ಗೊತ್ತಾಗಲ್ಲ.

ಕೇಳಿದವರಿಗೆಲ್ಲ "ವಯಸ್ಸಾಯ್ತು" ಅಂತೀವಿ. ಇಪ್ಪತ್ತಾರರ ಹುಡುಗನಿಗೆ ಯಾವ ವಯಸ್ಸಾಯ್ತು ಮಾರಾಯ್ರೆ? ಒಳಕಿವಿಯಲ್ಲಿ ಸದ್ದು ಹಿಡಿಯೋ ಸಣ್ಣ ರೋಮಕೋಶಗಳಿವೆ. ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಸುಳಿ ಕೊಳೆತ ಅಡಿಕೆ ಮರ ಚಿಗುರೋದುಂಟಾ? ಹಾಗೇ ಇದೂ.

ಲೆಕ್ಕ ನೋಡಿ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ 3 ಡೆಸಿಬಲ್ ಏರಿದಾಗಲೆಲ್ಲ ಹೊತ್ತು ಅರ್ಧಕ್ಕಿಳೀತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. 100 ಆದ್ರೆ ಬರೀ ಕಾಲು ಗಂಟೆ. ಪೆಟ್ರೋಲ್ ಕಳೆ ಮೆಷಿನ್ ಹಿಡಿದವನ ಕಿವಿ ಹತ್ರ ಸದ್ದು 95, 100ರ ಆಸುಪಾಸು ಇರ್ತದೆ. ಚೈನ್ ಸಾ ಇನ್ನೂ ಜಾಸ್ತಿ. ನಿನ್ನೆ ಆ ಹುಡುಗ ಹೊಡೆದದ್ದು 6 ಗಂಟೆ.

"ಕಿವಿ ಮುಚ್ಚಿದ್ರೆ ಹಾವು ಹರಿದದ್ದು ಗೊತ್ತಾಗಲ್ಲ" ಅಂತಾರೆ. ಮೆಷಿನ್ ಓಡ್ತಿರುವಾಗ ಯಾರಿಗೆ ಕೇಳಿಸಿದೆ ಹಾವಿನ ಸದ್ದು? "ಎಂಜಿನ್ ಹದ ತಿಳಿಯಲ್ಲ" ಅಂತಾರೆ. ಇಯರ್ ಮಫ್ ಹಾಕಿದ್ರೂ ಎಂಜಿನ್ ಕೇಳ್ತದೆ, ಕಿವಿಗೆ ಬಡಿಯಲ್ಲ ಅಷ್ಟೆ. ಸೆಕೆ ಆಗ್ತದೆ, ಅದು ಹೌದು. ಸೆಕೆಗೆ ಫೋಮಿನ ಇಯರ್ ಪ್ಲಗ್ ಇದೆ. ಹೊಸೆದು ಸಪೂರ ಮಾಡಿ, ಕಿವಿ ಮೇಲಕ್ಕೆಳೆದು ಒಳಗಿಟ್ಟು, ಉಬ್ಬೋವರೆಗೆ ಒತ್ತಿ ಹಿಡೀಬೇಕು. ಹತ್ತಿ ತುರುಕಿದ್ರೆ ಪ್ರಯೋಜನ ಅಷ್ಟಕ್ಕಷ್ಟೆ. ಇಯರ್‌ಫೋನಲ್ಲಿ ಮೆಷಿನ್ ಸದ್ದು ಮೀರಿಸೋ ಹಾಗೆ ಹಾಡು ಹಚ್ಚೋದಂತೂ ಬೆಂಕಿಗೆ ತುಪ್ಪ.

ಸರಿಯಾಗಿ ಕೂತ ಮಫ್ 15 ಡೆಸಿಬಲ್ ಇಳಿಸಿದ್ರೂ 100 ಇದ್ದದ್ದು 85 ಆಗ್ತದೆ. ಕಾಲು ಗಂಟೆಯ ಕೆಲಸ 8 ಗಂಟೆಗೆ ಬರ್ತದೆ. ಖರ್ಚು ಒಂದು ದಿನದ ಕೂಲಿಯಷ್ಟೂ ಇಲ್ಲ.

ನನ್ನ ಜಗಳ ಕೆಲಸಕ್ಕೆ ಬರೋರ ಹತ್ರ ಅಲ್ಲ, ನಮ್ಮ ಹತ್ರಾನೇ. ಬ್ಲೇಡು, ಆಯಿಲ್ಲು, ಚಾ, ತಿಂಡಿ ಎಲ್ಲ ಕೊಡ್ತೀವಿ. ಕಿವಿ ಮಾತ್ರ ಅವನದ್ದು, ಅವನೇ ನೋಡ್ಕೊಳ್ಳಲಿ ಅಂತ ಬಿಡ್ತೀವಿ. ಸದ್ದು ನಮ್ಮ ತೋಟದ್ದಲ್ವಾ?

ನಾಳೆ ಅವನು ಮತ್ತೆ ಬರ್ತಾನೆ. ಒಂದು ಮಫ್ ತಂದು ಮೆಷಿನ್ ಹಿಡಿಕೆಗೇ ನೇತುಹಾಕಿದ್ದೇನೆ. ಅದು ಕಿವಿಗೆ ಏರದೆ ಸ್ಟಾರ್ಟರ್ ಹಗ್ಗ ಎಳೆಯೋ ಹಾಗಿಲ್ಲ. ನೀವೂ ಒಂದು ತಂದಿಡಿ.